ಮೂರನೆಯ ಕೈಯ ಚರಿತ್ರೆ

(ಬಾನುಲಿ ಭಾಷಣ)

ಬೆಂಗಳೂರಿನ ಕೈಗಾರಿಕೆಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ದೊಡ್ಡ ಹೆಸರುಗಳಿಂದ ತೊಡಗುತ್ತಾರೆ. ವಿಮಾನದ ಕಾರ್ಖಾನೆ ಬಂದಿತು, ದೂರವಾಣಿಯ ಕಾರ್ಖಾನೆ ಬಂದಿತು, ಯಂತ್ರಗಳನ್ನು ಮಾಡುವ ಯಂತ್ರಗಳ ಕಾರ್ಖಾನೆ ಬಂದಿತು, ಕೈಗಡಿಯಾರ ಬಂದಿತು, ಕಡೆಗೆ ಗಣಕಯಂತ್ರ ಬಂದಿತು ಎಂದು ಒಂದರ ಹಿಂದೊಂದಾಗಿ ಎಣಿಸುತ್ತಾರೆ. ಈ ಎಣಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅರಮನೆಯ ವರ್ಣನೆಯಲ್ಲಿ ಬಾಗಿಲಿನ ಅಗುಳಿಯನ್ನು ಮರೆಯುವಂತೆ, ಈ ಎಲ್ಲ ಕಾರ್ಖಾನೆಗಳೊಳಗೂ ದಿನಕ್ಕೆ ಸಾವಿರಾರು ಸಲ ದುಡಿಯುವ ಒಂದು ಸಣ್ಣ ಸಾಧನವನ್ನು ನಾವು ಮರೆತಿದ್ದೇವೆ. ಕೊರೆಯಬೇಕಾದ, ಕೆತ್ತಬೇಕಾದ ಅಥವಾ ಜೋಡಿಸಬೇಕಾದ ವಸ್ತುವನ್ನು ಅಲುಗದಂತೆ ಹಿಡಿದುಕೊಳ್ಳುವ ಸಾಧನ ಅದು. ಕಾರ್ಖಾನೆಯವರು ಅದನ್ನು ಕ್ಲಾಂಪ್ ಎನ್ನುತ್ತಾರೆ. ಅದು ಹಿಡಿಯುವ ವಸ್ತುವನ್ನು ಜಾಬ್ ಎನ್ನುತ್ತಾರೆ. ಕೆಲಸಗಾರನಿಗೆ ದೇವರು ಕೊಟ್ಟ ಕೈಗಳು ಎರಡು. ಒಂದು ಉಪಕರಣವನ್ನು ಹಿಡಿಯುತ್ತದೆ, ಮತ್ತೊಂದು ಅದನ್ನು ನಡೆಸುತ್ತದೆ. ಜಾಬನ್ನು ಹಿಡಿಯಲು ಮೂರನೆಯ ಕೈಯೊಂದು ಬೇಕು. ಆ ಮೂರನೆಯ ಕೈಯ ಚರಿತ್ರೆಯನ್ನು ಕುರಿತು ನಾನು ಈಗ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಈ ಅಗತ್ಯ ಯಂತ್ರಯುಗದಲ್ಲಿ ಹುಟ್ಟಿದ್ದಲ್ಲ. ನಮ್ಮ ಬಡಗಿ ಹಲಗೆಯನ್ನು ಕಾಲಿನಿಂದ ಅದುಮಿಕೊಂಡು ಉಳಿಯನ್ನು ನಡೆಸಿದಾಗ ಅವನ ಪಾದವೇ ಮೂರನೆಯ ಕೈ. ಕಮ್ಮಾರನಿಗೆ ಇಕ್ಕಳವುಂಟು. ಅಕ್ಕಸಾಲಿಗನ ಉಪಾಯ ಇನ್ನೂ ಸೂಕ್ಷ್ಮವಾದುದು. ತೆಳುವಾದ ಚಿನ್ನದ ತಗಡಿನ ಮೇಲೆ ಉಬ್ಬುಕೆಲಸ ಮಾಡುವಾಗ ಅದನ್ನು ಕಬ್ಬಿಣದ ಬಾಯಿಯಲ್ಲಿ ಕಚ್ಚಿಸಿದರೆ ತಗಡೇ ಮುದುಡಿಹೋಗುತ್ತದೆ. ಆದುದರಿಂದ ಅವನು ಅರಗನ್ನು ಕಾಯಿಸಿ, ಮೆತ್ತಗಾದ ಅರಗಿನಲ್ಲಿ ತಗಡನ್ನು ಕೂರಿಸಿ, ಆರಿದ ಮೇಲೆ ಕೆಲಸಕ್ಕೆ ತೊಡಗುತ್ತಾನೆ. ಬೀದರಿನ ಬಿದರಿ ಕುಶಲಕರ್ಮಿಯೂ ಪಾತ್ರೆಯನ್ನು ಕೆತ್ತುವಾಗ ಅರಗಿನಂತಹ ಅಂಟಿನಿಂದ ಅದನ್ನು ಪೀಠಕ್ಕೆ ಕಚ್ಚಿಸಿಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಸ್ವಲ್ಪ ಕಾವು ಕೊಟ್ಟರೆ ಸಾಕು, ಹಿಡಿತ ಸಡಿಲುತ್ತದೆ. ವಸ್ತುವಿಗೆ ನೋವಾಗದಂತೆ, ಆದರೆ ಅದು ಅಲುಗದಂತೆ ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಇದು ನಮ್ಮವರು ಕಂಡುಕೊಂಡ ಹಳೆಯ ಉತ್ತರ. ಆದರೆ ಈ ಉತ್ತರಕ್ಕೆ ಒಂದು ಮಿತಿಯುಂಟು. ಅರಗು ಹಿಡಿದುಕೊಳ್ಳುತ್ತದೆ, ಅಳೆಯುವುದಿಲ್ಲ. ಇಂದು ಕೂರಿಸಿದ ಜಾಗದಲ್ಲಿಯೇ ನಾಳೆಯ ವಸ್ತುವೂ ಕೂರುತ್ತದೆಂಬ ಭರವಸೆಯನ್ನು ಅದು ಕೊಡಲಾರದು. ಆ ಭರವಸೆ ಕುಶಲಕರ್ಮಿಯ ಕಣ್ಣಿನಲ್ಲಿದ್ದಿತು, ಸಾಧನದಲ್ಲಿರಲಿಲ್ಲ.

ಹಿಡಿಯುವ ಸಾಧನವೇ ಅಳತೆಯನ್ನೂ ಕಾಯಬೇಕೆಂಬ ವಿಚಾರ ಯೂರೋಪಿನಲ್ಲಿ ಬಲಗೊಂಡದ್ದು ಬಂದೂಕು ಮತ್ತು ಹಡಗುಗಳ ನಿಮಿತ್ತದಿಂದ. ೧೭೮೫ರಲ್ಲಿ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್ಸನ್ ಅವರು ಆನೊರೆ ಬ್ಲಾಂ ಎಂಬ ಬಂದೂಕು ತಯಾರಕನ ಕಾರ್ಯಾಗಾರಕ್ಕೆ ಹೋಗಿದ್ದರು. ಅಲ್ಲಿ ಐವತ್ತು ಬಂದೂಕುಗಳ ಚಾಪಿನ ಭಾಗಗಳನ್ನು ಬಿಡಿಬಿಡಿಯಾಗಿ ಇಡಲಾಗಿತ್ತು. ಕೈಗೆ ಸಿಕ್ಕ ಭಾಗಗಳನ್ನು ಎತ್ತಿಕೊಂಡು ಜೆಫರ್ಸನ್ ತಾವೇ ಹಲವನ್ನು ಜೋಡಿಸಿ ನೋಡಿದರು. ಅವು ಸರಿಯಾಗಿ ಕೂಡಿಕೊಂಡವು. ಒಂದರ ಭಾಗ ಇನ್ನೊಂದಕ್ಕೆ ಹೊಂದುವುದೆಂಬುದು ಆ ಕಾಲಕ್ಕೆ ವಿಸ್ಮಯದ ಸಂಗತಿಯಾಗಿತ್ತು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದ ನಿದರ್ಶನ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನದು. ಬ್ರಿಟಿಷ್ ನೌಕಾಪಡೆಗೆ ಹಾಯಿಹಗ್ಗಗಳನ್ನು ಎಳೆಯುವ ಮರದ ರಾಟೆಗಳು ವರ್ಷಕ್ಕೆ ಲಕ್ಷದಷ್ಟು ಬೇಕಾಗುತ್ತಿದ್ದವು. ಮಾರ್ಕ್ ಬ್ರೂನೆಲ್ ಅವರ ಯೋಜನೆಯಂತೆ ಹೆನ್ರಿ ಮಾಡ್ಸ್‌ಲೆ ೧೮೦೨ರಿಂದ ಕೆಲವು ವರ್ಷಗಳಲ್ಲಿ ಅದಕ್ಕಾಗಿ ಯಂತ್ರಗಳ ಸಾಲನ್ನೇ ನಿರ್ಮಿಸಿದರು. ನೂರಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಹತ್ತು ಜನ ಮಾಡತೊಡಗಿದರು. ಇದರಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸಿದುದು ಮೊದಲ ಯಂತ್ರದ ಕ್ಲಾಂಪ್. ಅದು ಮರದ ತುಂಡನ್ನು ಹಿಡಿಯುವಾಗ ಅದರ ಮೈಮೇಲೆ ಗುರುತಿನ ಕುಳಿಗಳನ್ನು ಒತ್ತುತ್ತಿತ್ತು. ಮುಂದಿನ ಯಂತ್ರಗಳಲ್ಲಿ ಆ ಕುಳಿಗಳನ್ನೇ ಆಧಾರವಾಗಿಟ್ಟುಕೊಂಡು ತುಂಡನ್ನು ಕೂರಿಸುತ್ತಿದ್ದರು. ಅಂದರೆ ಮೊದಲ ಹಿಡಿತವೇ ಉಳಿದ ಎಲ್ಲ ಹಿಡಿತಗಳಿಗೂ ಸಾಕ್ಷಿ.

ಈ ವಿದ್ಯೆ ನಮ್ಮ ಸೀಮೆಗೆ ಬಂದ ಬಗೆಯನ್ನು ನೋಡೋಣ. ೧೯೪೦ರ ಡಿಸೆಂಬರಿನಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, ವಾಲ್‌ಚಂದ್ ಹೀರಾಚಂದ್ ಅವರ ಸಾಹಸ ಮತ್ತು ಮೈಸೂರು ಸರ್ಕಾರದ ನೆರವು ಕೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಮರುವರ್ಷ, ೧೯೪೧ರಲ್ಲಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳ ತಯಾರಿಕೆಗೆ ಹೊರಟಿತು. ವಿಮಾನದ ರೆಕ್ಕೆಯೊಂದನ್ನು ನೆಲದ ಮೇಲೆ ಇಟ್ಟುಕೊಂಡು ಕಣ್ಣಳತೆಯಿಂದ ಕಟ್ಟಲು ಬರುವುದಿಲ್ಲ. ಉಕ್ಕಿನ ಭದ್ರವಾದ ಚೌಕಟ್ಟಿನಲ್ಲಿ ಅದರ ಪಕ್ಕೆಲುಬುಗಳನ್ನು ಒಂದೊಂದಾಗಿ ಕೂರಿಸಿ, ತಗಡಿನ ಹೊದಿಕೆಯನ್ನು ತಾತ್ಕಾಲಿಕವಾದ ಪಿನ್ನುಗಳಿಂದಲೂ ಕ್ಲಾಂಪುಗಳಿಂದಲೂ ಬಂಧಿಸಿ, ಆಮೇಲೆ ರಿವೆಟ್ ಹೊಡೆಯಬೇಕು. ೧೯೫೧ರಲ್ಲಿ ಹಾರಿದ ಎಚ್.ಟಿ. ೨ ತರಬೇತಿ ವಿಮಾನದ ಹಿಂದೆಯೂ, ೧೯೬೧ರಲ್ಲಿ ಹಾರಿದ ಮರುತ್ ಯುದ್ಧವಿಮಾನದ ಹಿಂದೆಯೂ ಇಂತಹ ಚೌಕಟ್ಟುಗಳ ಮೌನವಾದ ದುಡಿಮೆಯಿದೆ.

ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ, ಇಂದು ವೈಟ್‌ಫೀಲ್ಡಿಗೆ ಹೋಗುವವರು ದಾಟುವ ದೂರವಾಣಿನಗರದಲ್ಲಿ ಐ.ಟಿ.ಐ. ತಲೆಯೆತ್ತಿತು. ೧೯೫೩ರಲ್ಲಿ ಸ್ವಿಟ್ಜರ್‌ಲೆಂಡಿನ ಅರ್ಲಿಕನ್ ಸಂಸ್ಥೆಯ ಸಹಯೋಗದಿಂದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿ ಜಾಲಹಳ್ಳಿಯಲ್ಲಿ ನೆಲೆಯೂರಿತು. ೧೯೬೧ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, ೧೯೬೪ರಲ್ಲಿ ವಿಡಿಯಾ ಹೀಗೆ ತುಮಕೂರು ರಸ್ತೆಯ ಕಡೆಗೆ ಒಂದೊಂದಾಗಿ ಕಾರ್ಖಾನೆಗಳು ಬಂದವು. ಯಂತ್ರಗಳನ್ನು ಆಮದು ಮಾಡಿಕೊಳ್ಳಬಹುದು. ಆದರೆ ನಮ್ಮ ಜಾಬಿಗೆ ಹೊಂದುವ ಫಿಕ್ಸ್ಚರನ್ನು ಯಾರೂ ಹಡಗಿನಲ್ಲಿ ಕಳುಹಿಸುವುದಿಲ್ಲ. ಅದನ್ನು ಇಲ್ಲಿಯೇ ಯೋಚಿಸಿ ಇಲ್ಲಿಯೇ ಮಾಡಬೇಕು. ಆದುದರಿಂದ ಆ ಯೋಚನೆಯನ್ನು ಕಲಿಸುವ ಸಂಸ್ಥೆಗಳೂ ಬೇಕಾದವು. ೧೯೬೨ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಕೇಂದ್ರ ಯಂತ್ರೋಪಕರಣ ಸಂಸ್ಥೆ, ೧೯೭೧ರಲ್ಲಿ ಜರ್ಮನಿಯ ಸಹಕಾರದಿಂದ ಫೋರ್‌ಮನ್ ತರಬೇತಿ ಸಂಸ್ಥೆ, ೧೯೭೨ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಸ್ಥಾಪಿತವಾದವು. ೧೯೫೯ರಲ್ಲಿ ಕೇರಳದ ತಲಶ್ಶೇರಿಯ ಬಳಿಯ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಆರಂಭವಾದ ತಾಂತ್ರಿಕ ತರಬೇತಿ ಪ್ರತಿಷ್ಠಾನವೂ ಮುಂದೆ ಪೀಣ್ಯದಲ್ಲಿ ನೆಲೆ ಕಂಡಿತು. ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ಅದಕ್ಕೆ ಬೇಕಾದ ಮಣ್ಣು ಹೀಗೆ ಹದವಾಗಿದ್ದಿತು. ದೊಡ್ಡ ಕಾರ್ಖಾನೆಗಳು ಬಿಡಿಭಾಗಗಳ ಕೆಲಸವನ್ನು ಹೊರಗೆ ಕೊಟ್ಟವು. ಅಲ್ಲಿ ಪಳಗಿದವರಲ್ಲಿ ಕೆಲವರು ಹೊರಬಂದು ಒಂದೆರಡು ಯಂತ್ರಗಳನ್ನಿಟ್ಟುಕೊಂಡು ಆ ಕೆಲಸವನ್ನು ಹಿಡಿದರು.

ಇಲ್ಲಿ ಎರಡು ಪದಗಳ ಅರ್ಥವನ್ನು ಬಿಡಿಸಿ ಹೇಳಬೇಕು. ಜಾಬನ್ನು ಹಿಡಿದುಕೊಂಡು, ಅದರ ಜೊತೆಗೆ ಬೈರಿಗೆಗೆ ದಾರಿಯನ್ನೂ ತೋರಿಸುವ ಸಾಧನ ಜಿಗ್. ದಾರಿ ತೋರಿಸದೆ ಹಿಡಿದುಕೊಳ್ಳುವ ಕೆಲಸವನ್ನಷ್ಟೇ ಮಾಡುವುದು ಫಿಕ್ಸ್ಚರ್. ಎರಡರಲ್ಲಿಯೂ ಮೊದಲನೆಯ ನಿಯಮ ಒಂದೇ: ಮೊದಲು ಸ್ಥಾನ, ಆಮೇಲೆ ಹಿಡಿತ. ನಮ್ಮ ಹಳ್ಳಿಯ ಒಲೆಗೆ ಮೂರು ಗುಂಡುಗಳನ್ನೇಕೆ ಇಡುತ್ತಾರೆ? ಮೂರರ ಮೇಲೆ ಕುಳಿತ ಮಡಕೆ ಎಂದಿಗೂ ಕುಂಟುವುದಿಲ್ಲ. ನಾಲ್ಕನೆಯದನ್ನು ಇಟ್ಟರೆ ಕುಂಟಬಹುದು. ಉಪಕರಣಾಗಾರದವರು ಜಾಬಿನ ಅಡಿಗೆ ಮೂರು ಆಧಾರಗಳು, ಪಕ್ಕಕ್ಕೆ ಎರಡು, ತುದಿಗೆ ಒಂದು ಎಂದು ಇಡುವುದೂ ಇದೇ ತತ್ತ್ವದಿಂದ. ಈ ಆರು ಬಿಂದುಗಳು ಜಾಬಿನ ಸ್ಥಾನವನ್ನು ನಿರ್ಧರಿಸುತ್ತವೆ. ಕ್ಲಾಂಪಿನ ಕೆಲಸ ಜಾಬನ್ನು ಆ ಬಿಂದುಗಳ ಮೇಲೆ ಒತ್ತಿ ನಿಲ್ಲಿಸುವುದು ಮಾತ್ರ. ಕತ್ತರಿಸುವ ಹಲ್ಲಿನ ಹೊಡೆತವನ್ನು ಆಧಾರ ತಾಳಿಕೊಳ್ಳಬೇಕೇ ಹೊರತು ಕ್ಲಾಂಪಲ್ಲ. ಕ್ಲಾಂಪಿನ ಒತ್ತಡ ಆಧಾರದ ನೇರಕ್ಕೆ ಬೀಳಬೇಕು. ಎರಡು ಆಧಾರಗಳ ನಡುವಿನ ಬರಿದಾದ ಜಾಗದ ಮೇಲೆ ಬಿದ್ದರೆ ಜಾಬ್ ಬಿಲ್ಲಿನಂತೆ ಬಾಗುತ್ತದೆ.

ಇನ್ನು ಆಯ್ಕೆಯ ಮಾತು. ಅತ್ಯಂತ ಹಳೆಯದೂ ನಂಬಿಕಸ್ಥವೂ ಆದುದು ತಿರುಪಿನ ಕ್ಲಾಂಪ್. ಒಂದು ಉಕ್ಕಿನ ಪಟ್ಟಿ; ಅದರ ಒಂದು ತುದಿ ಜಾಬಿನ ಮೇಲೆ, ಇನ್ನೊಂದು ತುದಿ ಹಿಂದಿನ ಆಸರೆಯ ಮೇಲೆ, ನಡುವೆ ಬೋಲ್ಟು ಮತ್ತು ನಟ್ಟು. ಹನ್ನೆರಡು ಮಿಲಿಮೀಟರ್ ದಪ್ಪದ ಬೋಲ್ಟಿನ ನಟ್ಟನ್ನು ಒಂದು ಗೇಣಿಗಿಂತಲೂ ಚಿಕ್ಕದಾದ ಸ್ಪ್ಯಾನರಿನಿಂದ, ಹತ್ತು ಕಿಲೋ ತೂಕವನ್ನು ಎತ್ತುವಷ್ಟು ಬಲದಿಂದ ತಿರುವಿದರೆ ಸುಮಾರು ಆರುನೂರು ಕಿಲೋಗಳಷ್ಟು ಒತ್ತಡ ಹುಟ್ಟುತ್ತದೆ. ಆದರೆ ಬೋಲ್ಟು ಪಟ್ಟಿಯ ನಟ್ಟನಡುವೆ ಇದ್ದರೆ ಅದರಲ್ಲಿ ಅರ್ಧ ಜಾಬಿಗೆ, ಇನ್ನರ್ಧ ಹಿಂದಿನ ಆಸರೆಗೆ ಹಂಚಿಹೋಗುತ್ತದೆ. ಬೋಲ್ಟು ಜಾಬಿಗೆ ಹತ್ತಿರವಾದಷ್ಟೂ ಜಾಬಿಗೆ ಪಾಲು ಹೆಚ್ಚು. ಸನ್ನೆಗೋಲಿನ ಈ ಸರಳ ಲೆಕ್ಕವನ್ನು ಬಲ್ಲ ಫಿಟ್ಟರು ಹೆಚ್ಚು ಬಲ ಹಾಕದೆ ಹೆಚ್ಚು ಬಿಗಿಯನ್ನು ಪಡೆಯುತ್ತಾನೆ.

ತಿರುಪಿನ ದೋಷ ಒಂದೇ: ನಿಧಾನ. ಒಂದು ಉದಾಹರಣೆಯನ್ನು ಲೆಕ್ಕಕ್ಕಾಗಿ ತೆಗೆದುಕೊಳ್ಳೋಣ. ಯಂತ್ರದ ಕೆಲಸಕ್ಕೆ ಒಂದು ನಿಮಿಷ, ನಟ್ಟುಗಳನ್ನು ಬಿಗಿದು ಬಿಚ್ಚಲು ಅರ್ಧ ನಿಮಿಷ ಎಂದರೆ ಎಂಟು ಗಂಟೆಯ ಪಾಳಿಯಲ್ಲಿ ಬಿಡುವಿಲ್ಲದೆ ದುಡಿದರೂ ಆಗುವುದು ೩೨೦ ಜಾಬುಗಳು. ಬಿಗಿದು ಬಿಚ್ಚುವುದು ಐದೇ ಸೆಕೆಂಡಿನಲ್ಲಿ ಆದರೆ ಅದೇ ಯಂತ್ರ, ಅದೇ ಕೆಲಸಗಾರ, ೪೪೩ ಜಾಬುಗಳು. ಹೊಸ ಯಂತ್ರ ಬರಲಿಲ್ಲ, ವಿದ್ಯುತ್ತು ಹೆಚ್ಚಾಗಲಿಲ್ಲ; ಹಿಡಿತ ಬದಲಾಯಿತು, ಅಷ್ಟೇ. ಸಾಲ ಮಾಡಿ ಒಂದೇ ಯಂತ್ರವನ್ನು ಕೊಂಡ ಸಣ್ಣ ಉದ್ಯಮಿಗೆ ಬಾಳುವೆಗೂ ಮುಳುಗುವಿಕೆಗೂ ನಡುವೆ ಇರುವ ಅಂತರ ಇದೇ ಆಗಿರಬಹುದು.

ಆ ಐದು ಸೆಕೆಂಡಿನ ಹಿಡಿತಕ್ಕೆ ಹಲವು ದಾರಿಗಳುಂಟು. ಮೊದಲನೆಯದು ತಿರುಪನ್ನು ಬಿಡದೆಯೇ ಅದರ ನಿಧಾನವನ್ನು ಕಳೆಯುವ ಉಪಾಯ. ಜಾಬಿನ ರಂಧ್ರಕ್ಕಿಂತ ನಟ್ಟು ಚಿಕ್ಕದಾಗಿದ್ದು, ಎರಡರ ನಡುವೆ ಒಂದು ಪಕ್ಕ ಸೀಳಿದ ವಾಷರ್ ಇರುತ್ತದೆ. ನಟ್ಟನ್ನು ಸ್ವಲ್ಪ ಸಡಿಲಿಸಿ ವಾಷರನ್ನು ಪಕ್ಕಕ್ಕೆ ಎಳೆದರೆ ಸಾಕು. ನಟ್ಟಿನ ಮೇಲಿನಿಂದಲೇ ಜಾಬ್ ಹೊರಗೆ ಬರುತ್ತದೆ. ಎರಡನೆಯದು ಕ್ಯಾಮ್, ಎಂದರೆ ನಡುತಪ್ಪಿದ ಚಕ್ರ. ಹಿಡಿಯನ್ನು ಒಮ್ಮೆ ಸರಿಸಿದರೆ ಬಿಗಿ. ಆದರೆ ಅದರುವ ಕೆಲಸದಲ್ಲಿ ಇದು ಮೆಲ್ಲನೆ ಹಿಂದಕ್ಕೆ ಜಾರಬಹುದು. ಆದುದರಿಂದ ಮಿಲ್ಲಿಂಗಿನಂತಹ ಒರಟು ಕೆಲಸಕ್ಕೆ ಇದನ್ನು ನೇರವಾಗಿ ನೆಚ್ಚಬಾರದು.

ಮೂರನೆಯದು ಟಾಗಲ್ ಕ್ಲಾಂಪ್. ಅಮೆರಿಕದ ಡೆಟ್ರಾಯ್ಟ್ ಎಂಬ ಮೋಟಾರು ನಗರದ ಕಾರ್ಖಾನೆಗಳಿಂದ ೧೯೩೦ರ ದಶಕದಲ್ಲಿ ಪ್ರಚಾರಕ್ಕೆ ಬಂದ ಈ ಸಾಧನ ನಮ್ಮ ಮೊಣಕಾಲಿನಂತೆ ಕೆಲಸ ಮಾಡುತ್ತದೆ. ಬಾಗಿದ ಮೊಣಕಾಲಿನ ಮೇಲೆ ಭಾರವನ್ನು ಹೊತ್ತು ನಿಲ್ಲುವುದು ಕಷ್ಟ. ಕಾಲನ್ನು ನೆಟ್ಟಗೆ ಮಾಡಿದರೆ ಅದೇ ಭಾರ ಎಲುಬಿನ ಮೇಲೆ ನಿಲ್ಲುತ್ತದೆ. ಹಾಗೆಯೇ ಎರಡು ಕೊಂಡಿಗಳು ಒಂದೇ ನೇರಕ್ಕೆ ಬಂದು, ಆ ನೇರವನ್ನು ಕೂದಲೆಳೆಯಷ್ಟು ದಾಟಿದಾಗ ಹಿಡಿತ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಬಿಚ್ಚುವಾಗ ತೋಳೂ ಪೂರ್ತಿಯಾಗಿ ಮೇಲೆದ್ದು ದಾರಿ ಬಿಡುತ್ತದೆ. ಇಷ್ಟು ಗುಣಶಾಲಿಯಾದುದಕ್ಕೂ ಒಂದು ಹಟವುಂಟು. ಜಾಬಿನ ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾದರೆ ಹಿಡಿ ಮುಚ್ಚಲೊಲ್ಲದು. ಅಷ್ಟೇ ಕಡಿಮೆಯಾದರೆ ಮುಚ್ಚಿದಂತೆ ಕಂಡರೂ ಒತ್ತಡ ಇರುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯಕರ, ಏಕೆಂದರೆ ಕಣ್ಣಿಗೆ ತೋರುವುದಿಲ್ಲ. ಒಂದೇ ದಪ್ಪದ ತಗಡನ್ನೋ ನಯಮಾಡಿದ ಜಾಬನ್ನೋ ಹಿಡಿಯಲು ಟಾಗಲ್ ಉಚಿತ. ಒಂದರಂತೆ ಒಂದಿಲ್ಲದ ಎರಕದ ಜಾಬಿಗೆ ತಿರುಪೇ ಸರಿ.

ನಾಲ್ಕನೆಯದು ಗಾಳಿಯ ಮತ್ತು ಎಣ್ಣೆಯ ಒತ್ತಡದ ಹಿಡಿತ. ಐವತ್ತು ಮಿಲಿಮೀಟರ್ ಒಳವ್ಯಾಸದ ಸಿಲಿಂಡರಿಗೆ ಚದರ ಸೆಂಟಿಮೀಟರಿಗೆ ಆರು ಕಿಲೋ ಒತ್ತಡದ ಗಾಳಿಯನ್ನು ಬಿಟ್ಟರೆ ಸುಮಾರು ೧೧೮ ಕಿಲೋ ಬಲ ಸಿಕ್ಕುತ್ತದೆ. ಎಣ್ಣೆಯಾದರೆ ಇದರ ಹಲವು ಪಟ್ಟು. ಕೆಲಸಗಾರನ ಮಣಿಕಟ್ಟಿಗೆ ಶ್ರಮವಿಲ್ಲ, ಬಿಗಿ ಪ್ರತಿ ಸಲವೂ ಒಂದೇ. ಆದರೆ ನಮ್ಮ ಊರಿನಲ್ಲಿ ಇದನ್ನು ಆರಿಸುವವನು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನಡುವೆ ವಿದ್ಯುತ್ತು ಹೋದರೆ ಗತಿಯೇನು? ಒತ್ತಡ ಕುಸಿಯುವಾಗ ಕತ್ತರಿಸುವ ಚಕ್ರ ಇನ್ನೂ ತಿರುಗುತ್ತಿದ್ದರೆ ಸಡಿಲಾದ ಜಾಬ್ ಕಲ್ಲಿನಂತೆ ಹಾರುತ್ತದೆ. ಅದಕ್ಕಾಗಿ ಒತ್ತಡವನ್ನು ಹಿಂದಕ್ಕೆ ಬಿಡದ ಕವಾಟವನ್ನೋ, ಗಾಳಿ ಹೋದರೂ ಬೀಗ ಬಿಡದ ಟಾಗಲನ್ನೋ ಸೇರಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಜಾಬಾದರೆ ಮತ್ತೊಂದು ಸಿಕ್ಕೀತು. ಮನುಷ್ಯನ ಕಣ್ಣು, ಬೆರಳು ಸಿಕ್ಕಲಾರವು.

ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎಂದು ಹೊಸಬರು ತಿಳಿಯುವುದುಂಟು. ಅದನ್ನು ತಿದ್ದಲು ತೆಳುವಾದ ಉಂಗುರವೊಂದು ಸಾಕು. ಮೂರು ದವಡೆಗಳ ಚಕ್ಕಿನಲ್ಲಿ ಉಂಗುರವನ್ನು ಬಲವಾಗಿ ಹಿಡಿದು ಒಳಮೈಯನ್ನು ಕೊರೆಯಿರಿ. ಯಂತ್ರದ ಮೇಲಿರುವಾಗ ಅಳೆದರೆ ಅದು ದೋಷವಿಲ್ಲದ ವೃತ್ತ. ದವಡೆಗಳನ್ನು ಸಡಿಲಿಸಿದೊಡನೆ ಹಿಸುಕಲ್ಪಟ್ಟಿದ್ದ ಉಂಗುರ ತನ್ನ ಸಹಜ ಸ್ಥಿತಿಗೆ ಮರಳುತ್ತದೆ, ಒಳಗಿನ ವೃತ್ತ ಮೂರು ಉಬ್ಬುಗಳ ಆಕಾರವಾಗುತ್ತದೆ. ಯಂತ್ರದ ತಪ್ಪಲ್ಲ, ಅಳೆದವನ ತಪ್ಪೂ ಅಲ್ಲ, ಹಿಡಿತದ ತಪ್ಪು. ಇಂತಹ ಜಾಬನ್ನು ಸುತ್ತಲಿನಿಂದ ಹಿಸುಕದೆ ಮೇಲಿನಿಂದ ಮುಖದ ಮೇಲೆ ಒತ್ತಿ ಹಿಡಿಯಬೇಕು, ಇಲ್ಲವೇ ಮೆತು ಲೋಹದ ಅಗಲವಾದ ದವಡೆಗಳಿಂದ ತಬ್ಬಿಕೊಳ್ಳಬೇಕು. ಅಕ್ಕಸಾಲಿಗನ ಅರಗು ನೆನಪಾಗುವುದು ಇಲ್ಲಿಯೇ.

ಈ ಚರಿತ್ರೆಗೆ ಯಂತ್ರವಿಜ್ಞಾನಕ್ಕೆ ಹೊರತಾದ ಇನ್ನೊಂದು ಮುಖವಿದೆ. ಫಿಕ್ಸ್ಚರ್ ಎಂದರೆ ಕೌಶಲವನ್ನು ಒಬ್ಬನ ಕೈಯಿಂದ ತೆಗೆದು ಕಬ್ಬಿಣದಲ್ಲಿ ಕೂಡಿಡುವುದು. ನೆಲಮಂಗಲದಿಂದಲೋ ಮಾಗಡಿಯಿಂದಲೋ ಬಂದ, ಲೇತನ್ನೇ ಕಂಡಿರದ ಹುಡುಗ ಕೆಲವೇ ವಾರಗಳಲ್ಲಿ ಕರಾರುವಾಕ್ಕಾದ ಭಾಗಗಳನ್ನು ಮಾಡುವಂತಾದುದು ಇದರಿಂದ. ಗಡಿಯಾರದ, ದೂರವಾಣಿಯ, ವಿದ್ಯುನ್ಮಾನದ ಜೋಡಣೆಯ ಸಾಲುಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕುಳಿತು ತಮ್ಮ ದುಡಿಮೆಯಿಂದ ಮನೆಗಳನ್ನು ನಿಲ್ಲಿಸಿದುದಕ್ಕೂ ಇದು ಒಂದು ಕಾರಣ. ಇದು ಫಿಕ್ಸ್ಚರಿನ ಪುಣ್ಯ. ಆದರೆ ಕೌಶಲ ಕಬ್ಬಿಣಕ್ಕೆ ಹೋದ ಮೇಲೆ ಕೈಯ ಬೆಲೆ ಇಳಿಯುತ್ತದೆ. ಹಿಡಿಯನ್ನು ಒತ್ತಿ, ಗುಂಡಿಯನ್ನು ತಿರುವಿ, ಹಿಡಿಯನ್ನು ಎತ್ತುವವನನ್ನು ಯಾವಾಗ ಬೇಕಾದರೂ ಬದಲಾಯಿಸಬಹುದೆಂದು ಯಜಮಾನನಿಗೆ ತೋರುತ್ತದೆ. ಪಾಳಿಯೊಂದರಲ್ಲಿ ೪೪೩ ಸಲ ಅದೇ ಹಿಡಿಯನ್ನು ಎಳೆಯುವವನ ಭುಜದ ನೋವು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಆದುದರಿಂದ ಕ್ಲಾಂಪನ್ನು ಆರಿಸುವುದು ಬಲದ ಮತ್ತು ವೇಳೆಯ ಲೆಕ್ಕ ಮಾತ್ರವಲ್ಲ. ಹಿಡಿ ಎಷ್ಟು ಎತ್ತರದಲ್ಲಿರಬೇಕು, ಬೆರಳು ಸಿಕ್ಕಿಕೊಳ್ಳದಂತೆ ಎಷ್ಟು ಎಡೆ ಬಿಡಬೇಕು, ಎಡಗೈಯವನೂ ದುಡಿಯಬಲ್ಲನೇ, ಲೋಹದ ಚೂರುಗಳನ್ನು ಸುಲಭವಾಗಿ ಗುಡಿಸಲು ಬರುವುದೇ, ಜಾಬನ್ನು ತಲೆಕೆಳಗಾಗಿ ಇಡಲು ಬಾರದಂತೆ ಒಂದು ಗೂಟವಿದೆಯೇ ಎಂಬ ಪ್ರಶ್ನೆಗಳು ಮನುಷ್ಯನನ್ನು ಕುರಿತವು. ನಾನು ಕಂಡ ಉತ್ತಮ ಉಪಕರಣಗಾರರು ನಕ್ಷೆ ಬರೆಯುವ ಮೊದಲು ಯಂತ್ರದ ಮುಂದೆ ಅರ್ಧ ಗಂಟೆ ಸುಮ್ಮನೆ ನಿಂತು ಕೆಲಸಗಾರನ ಕೈಗಳನ್ನೇ ನೋಡುತ್ತಿದ್ದರು.

ಕಾಲ ಬದಲಾಯಿತು. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್, ಆರ್. ಕೆ. ಬಾಳಿಗರ ಮುಂದಾಲೋಚನೆಯಿಂದ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡಗಳೆದ್ದವು. ಅಲ್ಲಿ ಕಬ್ಬಿಣದ ಬೆರಳಿಗೆ ಕೆಲಸವಿಲ್ಲವೆಂದು ತಿಳಿಯಬೇಡಿ. ವಿದ್ಯುನ್ಮಾನ ಹಲಗೆಯೊಂದು ಸರಿಯಾಗಿದೆಯೇ ಎಂದು ಪರೀಕ್ಷಿಸುವಾಗ ಅದನ್ನು ನೂರಾರು ಸ್ಪ್ರಿಂಗ್ ಮೊಳೆಗಳ ಹಾಸಿನ ಮೇಲೆ ಸಮವಾಗಿ ಒತ್ತಿ ಹಿಡಿಯಬೇಕಾಗುತ್ತದೆ. ಹಾಗೆ ಒತ್ತಲು ಬಳಸುವ ಸಾಧನಗಳಲ್ಲಿ ಆ ಹಳೆಯ ಟಾಗಲ್ ಕ್ಲಾಂಪೂ ಒಂದು. ಪೀಣ್ಯದ ಗಣಕನಿಯಂತ್ರಿತ ಯಂತ್ರಗಳಲ್ಲಿಯೂ ಉಪಕರಣದ ದಾರಿಯನ್ನು ಗಣಕ ಹೇಳುತ್ತದೆ. ಆದರೆ ಜಾಬ್ ತಾನು ಇರಬೇಕಾದಲ್ಲಿ ಇದೆಯೆಂದು ಅದು ನಂಬಿಕೊಂಡಿರುತ್ತದೆ, ಅಷ್ಟೇ. ಆ ನಂಬಿಕೆಯನ್ನು ಉಳಿಸುವುದು ಅದೇ ಆರು ಬಿಂದುಗಳು ಮತ್ತು ಅವುಗಳ ಮೇಲಿನ ಒತ್ತಡ.

ನನ್ನ ಆತಂಕ ಬೇರೊಂದು. ಎಚ್.ಎಂ.ಟಿ.ಯ ಗಡಿಯಾರಗಳ ಹಿಂದಿನ ದೊಡ್ಡ ಪ್ರಮಾಣದ ತಯಾರಿಕೆ ನಿಂತುಹೋಯಿತು. ೨೦೧೯ರಲ್ಲಿ ಜಾಲಹಳ್ಳಿಯಲ್ಲಿ ಅದರ ನೆನಪಿಗೆ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಸಂತೋಷದ ಸಂಗತಿ. ಆದರೆ ಯಂತ್ರವೂ ಸರಕೂ ಉಳಿದಷ್ಟು ಸುಲಭವಾಗಿ ಫಿಕ್ಸ್ಚರ್ ಉಳಿಯುವುದಿಲ್ಲ. ಅದು ಒಂದೇ ಜಾಬಿಗಾಗಿ ಹುಟ್ಟಿದ್ದು. ಆ ಜಾಬ್ ನಿಂತರೆ ಅದಕ್ಕೆ ಬೆಲೆಯಿಲ್ಲ. ಒಂದು ಕಾರ್ಖಾನೆಯ ಹಿತ್ತಿಲಿನಲ್ಲಿ ಇಪ್ಪತ್ತು ವರ್ಷಗಳ ಫಿಕ್ಸ್ಚರುಗಳನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವುದನ್ನು ನಾನು ಕಂಡಿದ್ದೇನೆ. ಕಬ್ಬಿಣ ಹೋದರೆ ಹೋಗಲಿ. ಇಲ್ಲಿ ಕ್ಯಾಮನ್ನು ಬಿಟ್ಟು ತಿರುಪನ್ನೇಕೆ ಇಟ್ಟರು, ಈ ಆಧಾರವನ್ನು ಮೊದಲಿದ್ದ ಜಾಗದಿಂದ ಅಷ್ಟು ಸರಿಸಿದುದೇಕೆ ಎಂಬ ಕಾರಣಗಳೂ ಅದರೊಡನೆ ಹೋದವು. ಅವು ನಕ್ಷೆಯಲ್ಲಿರಲಿಲ್ಲ, ನಿವೃತ್ತರಾದ ಇಬ್ಬರು ಮೂವರ ತಲೆಯಲ್ಲಿದ್ದವು. ನಕ್ಷೆ ಅಳತೆಯನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ.

ಹಾಗಾಗಬೇಕಾದುದಿಲ್ಲ. ಪ್ರತಿಯೊಂದು ಫಿಕ್ಸ್ಚರಿನ ನಕ್ಷೆಯ ಮೂಲೆಯಲ್ಲಿ ನಾಲ್ಕು ಸಾಲುಗಳಿಗೆ ಜಾಗವಿರುತ್ತದೆ. ಈ ಕ್ಲಾಂಪನ್ನು ಏಕೆ ಆರಿಸಿದೆವು, ಮೊದಲು ಯಾವುದನ್ನು ಇಟ್ಟು ನೋಡಿದೆವು, ಅದು ಏಕೆ ಒದಗಲಿಲ್ಲ ಎಂಬುದನ್ನು ಕೆಲಸಗಾರನಿಗೂ ಓದಲು ಬರುವ ಕನ್ನಡದಲ್ಲಿ ಬರೆದಿಟ್ಟರೆ ಸಾಕು. ತುಮಕೂರು ರಸ್ತೆಯ ಮೇಲೆ ಮೆಟ್ರೊ ರೈಲಿನಲ್ಲಿ ಹೋಗುವವರಿಗೆ ಪೀಣ್ಯ ಎಂದರೆ ಕೆಳಗೆ ಹರಡಿದ ತಗಡಿನ ಚಾವಣಿಗಳ ಸಾಲು ಮಾತ್ರ. ಆ ಚಾವಣಿಗಳ ಕೆಳಗೆ ದುಡಿದವರ ಬುದ್ಧಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಬೇಕೆಂದರೆ ಅವರಿಗೆ ಬೇಕಾಗುವುದು ಆ ನಾಲ್ಕು ಸಾಲುಗಳು.